46 ವಯಸ್ಸು, 18,500 ಸಂಬಳ, ತೋಟದ ಕ್ವಾರ್ಟರ್ಸ್: ಈಗ ಶುರು ಮಾಡಿದರೆ ಮುಪ್ಪಿಗೆ ಏನಾದರೂ ಉಳಿಯುತ್ತಾ?

ಸಿದ್ದಾಪುರ ರೈಟರ್

ಎಲ್ಲರಿಗೂ ನಮಸ್ಕಾರ. ಕೊಡಗಿನ ಸಿದ್ದಾಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್ ಕೆಲಸ ನನ್ನದು, ಅಂದರೆ ಆಳುಗಳ ಹಾಜರಿ, ಲೆಕ್ಕ ಬರೆಯೋದು. ಸಂಬಳ 18,500, ಪಿಎಫ್ ಕಳೆದು ಕೈಗೆ 16,700. ಮನೆ ತೋಟದ್ದೇ. ಬಾಡಿಗೆ ಇಲ್ಲ, ಸೌದೆಗೆ ದುಡ್ಡಿಲ್ಲ, ಹಿತ್ತಲಲ್ಲಿ ಬಾಳೆ, ಸೊಪ್ಪು, ನಾಲ್ಕು ಕೋಳಿ. ಹಾಗಾಗಿ ಸಂಬಳ ಕಡಿಮೆ ಅಂತ ಅಷ್ಟಾಗಿ ಅನ್ನಿಸುತ್ತಿರಲಿಲ್ಲ. ಆದರೆ 58ಕ್ಕೆ ಕೆಲಸ ಮುಗಿದ ದಿನ ಸಂಬಳದ ಜೊತೆ ಮನೆಯೂ ಹೋಗುತ್ತದಲ್ಲ, ಅದು ಈಗೀಗ ತಲೆ ಕೊರೆಯುತ್ತಿದೆ.

ಹೆಂಡತಿಗೆ 39, ಜೂನ್‌ಗೆ 40 ತುಂಬುತ್ತದೆ. ಮನೆಯಲ್ಲೇ ಹೊಲಿಗೆ. ಮದುವೆ ಸೀಸನ್‌ನಲ್ಲಿ ಆರೇಳು ಸಾವಿರ ಬರುತ್ತದೆ, ಮಳೆಗಾಲದಲ್ಲಿ ನೂಲಿನ ಖರ್ಚೂ ಹುಟ್ಟುವುದಿಲ್ಲ. ಮಗಳು ಸೆಕೆಂಡ್ ಪಿಯುಸಿ. ಪಿಎಫ್‌ನಲ್ಲಿ ಸುಮಾರು 2.1 ಲಕ್ಷ ಇದೆ. ಸ್ವಲ್ಪ ಒಡವೆ ಇದೆ, ಅದರಲ್ಲೂ ಒಂದು ಸರ ಬ್ಯಾಂಕಿನಲ್ಲಿ ಅಡಮಾನಕ್ಕೆ ಕೂತಿದೆ. ಅಷ್ಟೇ ಆಸ್ತಿ.

ಬ್ಯಾಂಕಿನ ಗೋಡೆ ಮೇಲೆ ಅಟಲ್ ಪೆನ್ಷನ್ ಯೋಜನೆ ಪೋಸ್ಟರ್ ನೋಡಿದೆ. ಅದು ನನಗೆ ಆಗುತ್ತಾ? ಬೇರೆ ಏನು ಮಾಡಬಹುದು? ದಯವಿಟ್ಟು "ಖರ್ಚು ಕಡಿಮೆ ಮಾಡಿ" ಅಂತ ಮಾತ್ರ ಹೇಳಬೇಡಿ. ಕಡಿಮೆ ಮಾಡೋಕೆ ಇನ್ನೇನೂ ಉಳಿದಿಲ್ಲ.

ಶನಿವಾರಸಂತೆ

ಚಹಾ ಬಿಟ್ಟುಬಿಡಿ ಅಂತ ಹೇಳೋಣ ಅಂದ್ಕೊಂಡೆ, ಕಾಫಿ ತೋಟದವರಿಗೆ ಅದೂ ಹೇಳೋ ಹಾಗಿಲ್ಲ 😄

ಕುಶಾಲನಗರ ಅಕ್ಕ

ಅಟಲ್ ಪೆನ್ಷನ್‌ಗೆ ಸೇರುವ ವಯಸ್ಸು 18ರಿಂದ 40. ನಿಮಗೆ ಆಗಲ್ಲ ತಮ್ಮ. ನಿಮ್ಮ ಹೆಂಡತಿಗೆ ಆಗುತ್ತದೆ, ಆದರೆ ಜೂನ್ ಬರೋದ್ರೊಳಗೆ ಮುಗಿಸಿಕೊಳ್ಳಿ.

ಅದಕ್ಕೂ ಮೊದಲು ಇನ್ನೊಂದು ನೋಡಿ. ಪ್ರಧಾನಮಂತ್ರಿ ಶ್ರಮಯೋಗಿ ಮಾನ್‌ಧನ್ ಅಂತ 2019ರಲ್ಲಿ ಬಂತು. ಮನೆಯಲ್ಲಿ ಹೊಲಿಯುವವರು, ಬೀದಿ ವ್ಯಾಪಾರದವರು, ಕೂಲಿ ಕೆಲಸದವರಿಗೆ ಅಂತಲೇ ಇರೋದು. ತಿಂಗಳ ಆದಾಯ 15,000ದ ಒಳಗಿರಬೇಕು, ಪಿಎಫ್, ಇಎಸ್‌ಐ ಇರಬಾರದು, ಇನ್‌ಕಮ್ ಟ್ಯಾಕ್ಸ್ ಕಟ್ಟುವವರಾಗಿರಬಾರದು. 40ನೇ ವಯಸ್ಸಿನಲ್ಲಿ ಸೇರಿದರೂ ತಿಂಗಳಿಗೆ 200 ರೂಪಾಯಿ, ಸರ್ಕಾರ ಅಷ್ಟೇ ಸೇರಿಸುತ್ತದೆ. 60 ಆದ ಮೇಲೆ ತಿಂಗಳಿಗೆ 3,000. ಅಟಲ್ ಪೆನ್ಷನ್‌ನಲ್ಲಿ 39ಕ್ಕೆ ಸೇರಿದರೆ 5,000 ಪೆನ್ಷನ್‌ಗೆ ತಿಂಗಳಿಗೆ 1,318 ಕಟ್ಟಬೇಕು. ಕಟ್ಟುವ ದುಡ್ಡಿಗೆ ಹೋಲಿಸಿದರೆ ಶ್ರಮಯೋಗಿಯೇ ಲಾಭ. ಆಧಾರ್, ಪಾಸ್‌ಬುಕ್ ಹಿಡಿದುಕೊಂಡು ಸಾಮಾನ್ಯ ಸೇವಾ ಕೇಂದ್ರಕ್ಕೆ ಹೋದರೆ ಆಯಿತು.

ಒಂದು ವ್ಯತ್ಯಾಸ ಮಾತ್ರ ಗೊತ್ತಿರಲಿ. ಅಟಲ್ ಪೆನ್ಷನ್‌ನಲ್ಲಿ ಅವರು ತೀರಿಕೊಂಡರೆ ಗಂಡನಿಗೆ ಪೂರ್ತಿ ಪೆನ್ಷನ್, ಇಬ್ಬರೂ ಇಲ್ಲವಾದರೆ 5,000ದ ಲೆಕ್ಕದಲ್ಲಿ ನಾಮಿನಿಗೆ 8.5 ಲಕ್ಷ. ಶ್ರಮಯೋಗಿಯಲ್ಲಿ ಗಂಡನಿಗೆ ಅರ್ಧ, ಮಕ್ಕಳಿಗೆ ಏನೂ ಇಲ್ಲ.

ಪಿಎಫ್ ಗುಮಾಸ್ತ

ರೈಟರ್ ಸರ್, ಈಗಿನ ತೋಟದಲ್ಲಿ ಎಷ್ಟು ವರ್ಷ ಆಯಿತು? ಅದಕ್ಕೂ ಮೊದಲು ಬೇರೆ ಕಡೆ ಪಿಎಫ್ ಕಟ್ಟಿದ್ದರಾ?

ಸಿದ್ದಾಪುರ ರೈಟರ್

ಇಲ್ಲಿ 7 ವರ್ಷ. ಅದಕ್ಕೂ ಮೊದಲು ಅಮ್ಮತ್ತಿ ಕಡೆ 4 ವರ್ಷ, ಅಲ್ಲೂ ಕಟ್ ಮಾಡುತ್ತಿದ್ದರು. ಆ ದುಡ್ಡು ತೆಗೆದಿಲ್ಲ, ಅಲ್ಲೇ ಇದೆ. ಹೆಚ್ಚೇನೂ ಇರಲ್ಲ ಬಿಡಿ.

ಪಿಎಫ್ ಗುಮಾಸ್ತ

ದುಡ್ಡು ಹೆಚ್ಚಿಲ್ಲದೆ ಇರಬಹುದು, ಆ 4 ವರ್ಷದ ಬೆಲೆ ಜಾಸ್ತಿ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ನಿಮ್ಮ ಸಂಬಳದಿಂದ 1,800 ಹೋಗುತ್ತದೆ, ಅಂದರೆ 15,000ದ ಮೇಲೆ ಶೇ. 12. ತೋಟದವರೂ 1,800 ಕಟ್ಟುತ್ತಾರೆ. ಆದರೆ ಅವರ 1,800ರಲ್ಲಿ 1,250 ಪೆನ್ಷನ್ ನಿಧಿಗೆ ಹೋಗುತ್ತದೆ, ಪಿಎಫ್‌ಗೆ ಬರೋದು 550 ಮಾತ್ರ. ಪಾಸ್‌ಬುಕ್‌ನಲ್ಲಿ ಮೂರು ಕಾಲಂ ಕಾಣುತ್ತದಲ್ಲ, ಕೊನೆಯದು ಪೆನ್ಷನ್ನಿನದು. ಬಹಳ ಜನ ಅದನ್ನು ನೋಡುವುದೇ ಇಲ್ಲ.

ಪೆನ್ಷನ್ ಲೆಕ್ಕ ಸುಲಭ. ಪೆನ್ಷನ್ನಿಗೆ ಲೆಕ್ಕ ಹಿಡಿಯುವ ಸಂಬಳ ಗುಣಿಸು ಸರ್ವಿಸ್ ವರ್ಷ, ಭಾಗಿಸು 70. ಆ ಸಂಬಳದ ಮಿತಿ ಈಗ 15,000. ನೀವು 58ರವರೆಗೆ ಇಲ್ಲೇ ಇದ್ದರೆ 7 ಮತ್ತು 12, ಒಟ್ಟು 19 ವರ್ಷ. ತಿಂಗಳಿಗೆ 4,071. ಅಮ್ಮತ್ತಿಯ 4 ವರ್ಷ ಸೇರಿದರೆ 23. 20 ವರ್ಷ ದಾಟಿದವರಿಗೆ 2 ವರ್ಷ ಬೋನಸ್ ಕೊಡುತ್ತಾರೆ, ಹಾಗಾಗಿ 25 ಅಂತ ಲೆಕ್ಕ. ತಿಂಗಳಿಗೆ 5,357. ಒಂದು ಅರ್ಜಿಗೆ ತಿಂಗಳಿಗೆ ಸುಮಾರು 1,300 ರೂಪಾಯಿ ವ್ಯತ್ಯಾಸ, ಅದೂ ಬದುಕಿರುವಷ್ಟು ಕಾಲ. ನಿಮ್ಮ ನಂತರ ನಿಮ್ಮ ಹೆಂಡತಿಗೆ ಅದರ ಅರ್ಧ ಬರುತ್ತದೆ, ಅವರು ನಿಮಗಿಂತ 7 ವರ್ಷ ಚಿಕ್ಕವರು ಅನ್ನೋದು ನೆನಪಿರಲಿ.

ಹಾಗಾಗಿ ಹಳೆಯ ದುಡ್ಡನ್ನು ತೆಗೆಯಬೇಡಿ, ವರ್ಗಾವಣೆ ಮಾಡಿಸಿ. ಆನ್‌ಲೈನ್‌ನಲ್ಲೇ ಆಗುತ್ತದೆ. ಸಿಕ್ಕಿಹಾಕಿಕೊಳ್ಳೋದು ಹೆಸರಿನಲ್ಲಿ. ನಮ್ಮ ಕಡೆ ಇನಿಷಿಯಲ್ ಒಂದು ಕಡೆ ಮುಂದೆ, ಒಂದು ಕಡೆ ಹಿಂದೆ, ಮನೆಹೆಸರು ಆಧಾರ್‌ನಲ್ಲಿ ಇದ್ದರೆ ಪಿಎಫ್‌ನಲ್ಲಿ ಇಲ್ಲ. ಮೊದಲು ಅದನ್ನು ಸರಿಮಾಡಿಸಿ. ಹಳೆಯ ತೋಟದ ಆಫೀಸಿನಲ್ಲಿ ನಿಮ್ಮ ಗುರುತಿನವರು ಇರುವಾಗಲೇ ಮಾಡಿಸಿಕೊಳ್ಳಿ. ತೋಟ ಕೈ ಬದಲಾದರೆ ಸಹಿ ಹಾಕುವವರನ್ನು ಹುಡುಕೋದೇ ದೊಡ್ಡ ಕೆಲಸ.

ಸಿದ್ದಾಪುರ ರೈಟರ್

ಸರ್, ಇದು ಗೊತ್ತೇ ಇರಲಿಲ್ಲ. ಆಳುಗಳ ಪಿಎಫ್ ಲೆಕ್ಕ ನಾನೇ ಬರೆಯೋದು, ಈ 20 ವರ್ಷದ ವಿಷಯ ಯಾರೂ ಹೇಳಿರಲಿಲ್ಲ. ಹಾಗಾದರೆ ಪಿಎಫ್ ದುಡ್ಡು 58ಕ್ಕೆ ಎಷ್ಟಾಗಬಹುದು?

ಪಿಎಫ್ ಗುಮಾಸ್ತ

2024-25ಕ್ಕೆ ಬಡ್ಡಿ ಶೇ. 8.25 ಇತ್ತು. ಹೀಗೇ ಇರುತ್ತದೆ ಅಂತ ಇಟ್ಟುಕೊಂಡರೆ, ಈಗಿನ 2.1 ಲಕ್ಷ ಮತ್ತು ತಿಂಗಳಿಗೆ 2,350 ಸೇರಿ 12 ವರ್ಷಕ್ಕೆ ಸುಮಾರು 11 ಲಕ್ಷ. ಕೇಳೋಕೆ ಚೆನ್ನಾಗಿದೆ. ಆದರೆ ಬೆಲೆ ವರ್ಷಕ್ಕೆ ಶೇ. 6 ಏರಿದರೆ 12 ವರ್ಷದಲ್ಲಿ ದುಡ್ಡಿನ ಬೆಲೆ ಅರ್ಧ. ಅಂದರೆ ಈಗಿನ ಐದೂವರೆ ಲಕ್ಷ ಅಂತ ತಿಳಿಯಿರಿ.

ಆ 11 ಲಕ್ಷವನ್ನು ಪೋಸ್ಟ್ ಆಫೀಸಿನ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿಟ್ಟರೆ, ಈಗಿನ ಶೇ. 8.2ರ ಪ್ರಕಾರ ತಿಂಗಳಿಗೆ ಸುಮಾರು 7,500 ಬೀಳುತ್ತದೆ, ಮೂರು ತಿಂಗಳಿಗೊಮ್ಮೆ ಕೊಡುತ್ತಾರೆ. ಸಾಮಾನ್ಯರಿಗೆ ಅದು 60ಕ್ಕೆ, ನಿವೃತ್ತರಾದವರಿಗೆ 55ರಿಂದಲೇ ಸಿಗುತ್ತದೆ. ಪೆನ್ಷನ್ ಸೇರಿ ಒಟ್ಟು 12-13 ಸಾವಿರ. ಸ್ವಂತ ಮನೆ ಇದ್ದರೆ ಹೇಗೋ ನಡೆಯುತ್ತದೆ. ಬಾಡಿಗೆ ಕಟ್ಟಬೇಕಾದರೆ ನಡೆಯಲ್ಲ.

ಬೆಂಗಳೂರಲ್ಲಿರೋ ಸೋಮವಾರಪೇಟೆಯವ

ಅಂಕಲ್, ಪಿಎಫ್, ಪೋಸ್ಟ್ ಆಫೀಸ್ ಅಂತ ಕೂತರೆ ಬೆಲೆ ಏರಿಕೆಗೆ ಸರಿಹೋಗುತ್ತದೆ ಅಷ್ಟೇ. ತಿಂಗಳಿಗೆ 5,000 ಇಂಡೆಕ್ಸ್ ಫಂಡ್‌ನಲ್ಲಿ (ಷೇರು ಸೂಚ್ಯಂಕದ ಹಾಗೇ ಹೂಡುವ ಮ್ಯೂಚುವಲ್ ಫಂಡ್) ಎಸ್‌ಐಪಿ, ಅಂದರೆ ತಿಂಗಳ ಕಂತು ಹಾಕಿ. ಶೇ. 12 ಬಂದರೆ 12 ವರ್ಷಕ್ಕೆ 15 ಲಕ್ಷದ ಮೇಲೆ ಆಗುತ್ತದೆ. ಮೊಬೈಲ್‌ನಲ್ಲೇ ಹತ್ತು ನಿಮಿಷದ ಕೆಲಸ.

ಎರಡು ರೂಮ್ ಹೋಮ್‌ಸ್ಟೇ

16,700ರಲ್ಲಿ 5,000? ತಮ್ಮಾ, ನೀನು ಕೊನೇ ಸಲ ಊರಿಗೆ ಬಂದಿದ್ದು ಯಾವಾಗ?

ಬೆಂಗಳೂರಲ್ಲಿರೋ ಸೋಮವಾರಪೇಟೆಯವ

ಪುತ್ತರಿ ಹಬ್ಬಕ್ಕೆ ಬಂದಿದ್ದೆ ಅಕ್ಕಾ 🙂 ಸರಿ, 1,000 ಹಾಕಲಿ. ಶುರು ಮಾಡೋದು ಮುಖ್ಯ.

ಜಮ್ಮಾ ಜಾಗದವ

ಶುರು ಮಾಡೋದು ಮುಖ್ಯ, ಒಪ್ಪುತ್ತೇನೆ. ಆದರೆ ಈ ತಿಂಗಳು-ತಿಂಗಳು ಅನ್ನೋ ಲೆಕ್ಕ ನಮ್ಮ ಜಿಲ್ಲೆಗೆ ಕೂರಲ್ಲ. ಅದನ್ನೇ ಹೇಳಬೇಕು ಅಂತ ಬಂದೆ.

ನಾನು ಪೊನ್ನಂಪೇಟೆ ಕಡೆಯವನು, 52 ವಯಸ್ಸು. ಹೊರಗಿನವರಿಗೆ ನಾವೆಲ್ಲ ತೋಟದ ಧಣಿಗಳು. ಜಮ್ಮಾ ಜಾಗ, ಅಂದರೆ ಕುಟುಂಬಕ್ಕೆ ತಲೆತಲಾಂತರದಿಂದ ಬಂದದ್ದು, ಆರು ಎಕರೆ ಇದೆ ನಿಜ, ಆರ್‌ಟಿಸಿ ತೆಗೆದರೆ ಅಣ್ಣತಮ್ಮಂದಿರು, ದೊಡ್ಡಪ್ಪನ ಮಕ್ಕಳು ಅಂತ ಸಾಲಾಗಿ ಹೆಸರು. ಮಾರಬೇಕಾದರೆ ಎಲ್ಲರ ಒಪ್ಪಿಗೆ ಬೇಕು. ಒಬ್ಬ ಸಹಿ ಹಾಕಲ್ಲ, ಒಬ್ಬ ದುಬೈಯಲ್ಲಿದ್ದಾನೆ. "ಜಾಗವೇ ಪೆನ್ಷನ್" ಅಂತ ನಮ್ಮಲ್ಲಿ ಹೇಳುತ್ತಾರೆ. ತಿಂಗಳ ಔಷಧಿ ಅಂಗಡಿಯಲ್ಲಿ ಜಾಗ ತೋರಿಸೋಕೆ ಆಗುತ್ತಾ?

ರೊಬಸ್ಟಾ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ) 2019-20ರಲ್ಲಿ ಚೀಲಕ್ಕೆ 3,500ರ ಆಸುಪಾಸಿನಲ್ಲಿತ್ತು. 2024ರಲ್ಲಿ 10,000 ದಾಟಿತು. ಆ ವರ್ಷ ಗೋಣಿಕೊಪ್ಪದಲ್ಲಿ ಹೊಸ ಜೀಪು ಎಷ್ಟು ಬಂತು ಅಂತ ನಾನು ಹೇಳೋದು ಬೇಡ. ದರ ಇಳಿಯುವ ವರ್ಷವೂ ಬರುತ್ತದೆ, ಕಾಫಿ ಹೂ ಅರಳಿಸುವ ಹೂಮಳೆ ಕೈಕೊಡುವ ವರ್ಷವೂ ಬರುತ್ತದೆ.

ನಮ್ಮ ದುಡ್ಡು ಬರೋದು ಜನವರಿಯಿಂದ ಮಾರ್ಚ್‌ವರೆಗೆ, ಕಾಫಿ ಆಮೇಲೆ ಕರಿಮೆಣಸು. ಜೂನ್‌ನಿಂದ ಅಕ್ಟೋಬರ್‌ವರೆಗೆ ಬರೀ ಖರ್ಚು. ಗೊಬ್ಬರ, ಔಷಧಿ, ಮಕ್ಕಳ ಫೀಸು. ಆಗ ಎಸ್‌ಐಪಿ ಅಂದರೆ ಮೂರನೇ ತಿಂಗಳಿಗೆ ಬ್ಯಾಂಕ್ ಖಾತೆ ಖಾಲಿ, ಮೇಲೆ ದಂಡ. ಪಿಪಿಎಫ್ (ಪೋಸ್ಟ್ ಆಫೀಸ್, ಬ್ಯಾಂಕಿನಲ್ಲಿ ತೆರೆಯುವ 15 ವರ್ಷದ ಸರ್ಕಾರಿ ಉಳಿತಾಯ ಖಾತೆ) ಹಾಗಲ್ಲ. ವರ್ಷಕ್ಕೆ 500 ಕಟ್ಟಿದರೂ ಖಾತೆ ಬದುಕಿರುತ್ತದೆ, 1.5 ಲಕ್ಷದವರೆಗೆ ಯಾವಾಗ ಬೇಕಾದರೂ ಹಾಕಬಹುದು. ಬಡ್ಡಿ ಈಗ ಶೇ. 7.1. ಆಯಾ ತಿಂಗಳ 5ನೇ ತಾರೀಕಿನ ಒಳಗೆ ಹಾಕಿದ ದುಡ್ಡಿಗೆ ಆ ತಿಂಗಳ ಬಡ್ಡಿ ಸಿಗುತ್ತದೆ. ಆದ್ದರಿಂದ ಕಾಫಿ ಮಾರಿದ ದುಡ್ಡನ್ನು ಏಪ್ರಿಲ್ 5ರ ಒಳಗೆ ಹಾಕಿಬಿಟ್ಟರೆ ವರ್ಷ ಪೂರ್ತಿ ಬಡ್ಡಿ. ನಮ್ಮ ಕೊಯ್ಲಿನ ಲೆಕ್ಕಕ್ಕೇ ಮಾಡಿದ ಹಾಗಿದೆ. ನಾನು, ನನ್ನ ಹೆಂಡತಿ ಇಬ್ಬರೂ ಮಾಡಿಸಿದ್ದೇವೆ. ಬೇಗ ತೆಗೆಯೋಕೆ ಆಗಲ್ಲ ಅನ್ನೋದೇ ನನಗೆ ಅದರಲ್ಲಿ ಇಷ್ಟ, ಯಾಕಂದ್ರೆ ಅಣ್ಣನ ಮಗನ ಮದುವೆ ಅಂತ ಯಾರೂ ಕೇಳೋ ಹಾಗಿಲ್ಲ.

ಸಿದ್ದಾಪುರ ರೈಟರ್

ಅಣ್ಣ, ನಿಮಗೆ ಕಾಫಿ ಇದೆ. ನನಗೆ ಸಂಬಳ ಬಿಟ್ಟರೆ ಬೋನಸ್ ಒಂದೇ.

ಜಮ್ಮಾ ಜಾಗದವ

ಅದಕ್ಕೇ ಹೇಳುತ್ತಿದ್ದೇನೆ. ನಿಮ್ಮ ಹತ್ತಿರ ಕಾಫಿ ಇಲ್ಲ, ಕಾಫಿಯ ಲೆಕ್ಕ ಗೊತ್ತಿದೆ. ನಮ್ಮಂಥವರಿಗೆ ಅದೇ ಗೊತ್ತಿಲ್ಲ.

ನಮ್ಮ ಊರಲ್ಲಿ ಮೂರು, ಐದು, ಎಂಟು ಎಕರೆಯವರೇ ಜಾಸ್ತಿ. ಯಾರಿಗೂ ರೈಟರ್ ಇಟ್ಟುಕೊಳ್ಳೋಕೆ ಆಗಲ್ಲ. ಆಳಿನ ಲೆಕ್ಕ ಕ್ಯಾಲೆಂಡರ್ ಮೇಲೆ ಬರೆದಿರುತ್ತಾರೆ. ಕೆ.ಜಿ. ಲೆಕ್ಕದ ಕುಯ್ಲಿನಲ್ಲಿ ದಿನಾ ಜಗಳ. ಮಾರುವಾಗ ವ್ಯಾಪಾರಿ ಹೇಳಿದ್ದೇ ಔಟ್‌ಟರ್ನ್. ವಾರಕ್ಕೊಂದು ದಿನ ಬಂದು ಚೆಕ್‌ರೋಲ್ (ಆಳುಗಳ ಹಾಜರಿ, ಕೂಲಿಯ ಪುಸ್ತಕ) ಬರೆದು, ಮಾರುವಾಗ ಜೊತೆಗೆ ನಿಲ್ಲುವವರು ಇದ್ದರೆ ನಾನೇ ದುಡ್ಡು ಕೊಡುತ್ತೇನೆ.

ಬೆಂಗಳೂರಲ್ಲಿರೋ ಸೋಮವಾರಪೇಟೆಯವ

ಔಟ್‌ಟರ್ನ್ ಅಂದರೆ? ಮನೆಯಲ್ಲಿ ಅಪ್ಪ ಹೇಳುತ್ತಿರುತ್ತಾರೆ, ಯಾವತ್ತೂ ಕೇಳಿಲ್ಲ.

ಸಿದ್ದಾಪುರ ರೈಟರ್

ಇದಕ್ಕೆ ನಾನು ಉತ್ತರ ಹೇಳಬಲ್ಲೆ 🙂

ಒಂದು ಚೀಲ ಅಂದರೆ 50 ಕೆ.ಜಿ. ಒಣ ಚೆರಿ. ಸಿಪ್ಪೆ ತೆಗೆದ ಮೇಲೆ ಅದರಲ್ಲಿ ಎಷ್ಟು ಕೆ.ಜಿ. ಬೀಜ ಸಿಗುತ್ತದೋ ಅದು ಔಟ್‌ಟರ್ನ್. 26 ಇರಬಹುದು, 28 ಇರಬಹುದು. ದರ ಅದರ ಮೇಲೆ. ಉದಾಹರಣೆಗೆ ಔಟ್‌ಟರ್ನ್‌ಗೆ 400 ಅಂತ ದರ ಇದ್ದರೆ, 28 ಬಂದ ಚೀಲಕ್ಕೆ 11,200, 26 ಬಂದ ಚೀಲಕ್ಕೆ 10,400. ಚೀಲಕ್ಕೆ 800 ವ್ಯತ್ಯಾಸ. 60 ಚೀಲ ಇದ್ದವನಿಗೆ 48,000.

ಒಣಗಿದೆಯಾ ಅಂತ ನೋಡೋಕೆ ಕಣದಲ್ಲಿ ಒಂದು ಹಿಡಿ ತೆಗೆದು ಕಿವಿ ಹತ್ತಿರ ಅಲುಗಾಡಿಸಬೇಕು. ಚೆನ್ನಾಗಿ ಒಣಗಿದ್ದರೆ ಒಳಗಿನ ಬೀಜ ಗಿಲಿಗಿಲಿ ಅನ್ನುತ್ತದೆ. ಮೇಲಿನ ಪದರದ್ದು ತೆಗೆಯಬಾರದು, ರಾಶಿಯ ಅಡಿಯಿಂದ ತೆಗೆಯಬೇಕು, ಅಲ್ಲೇ ತೇವ ಕೂತಿರೋದು. ಆಮೇಲೆ ಮೀಟರ್. ತೇವ 11ರ ಹತ್ತಿರ ಬರಬೇಕು. ಸ್ಯಾಂಪಲ್ ಯಾವ ಚೀಲದಿಂದ ತೆಗೆದರು, ಎಷ್ಟು ಚೀಲದಿಂದ ತೆಗೆದರು ಅನ್ನೋದನ್ನು ಜೊತೆಗೆ ನಿಂತು ನೋಡಬೇಕು. ಅರ್ಧ ವ್ಯಾಪಾರ ಅಲ್ಲೇ ಮುಗಿದಿರುತ್ತದೆ.

ಜಮ್ಮಾ ಜಾಗದವ

ನೋಡಿ, ಇದಕ್ಕೇ ನಾನು ದುಡ್ಡು ಕೊಡುತ್ತೇನೆ ಅಂದಿದ್ದು.

ವೀಡ್ ಕಟರ್

ನನ್ನದೂ ಒಂದು ಮಾತು. ನಾನು ತೋಟದ ಆಳುಗಳ ಲೈನ್ ಮನೆಯಲ್ಲಿ ಹುಟ್ಟಿದವನು, ದಿನಗೂಲಿ ಮಾಡುತ್ತಿದ್ದೆ. ಕಳೆ ಕೊಚ್ಚುವ ಮಿಷನ್ ಒಂದು ತಗೊಂಡೆ, ಈಗ ಮಿಷನ್ ಸಮೇತ ಹೋದರೆ ಬರೀ ಕೂಲಿಗಿಂತ ಎಷ್ಟೋ ವಾಸಿ. ಮಳೆಗಾಲದಲ್ಲಿ ಕಳೆ, ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್. ಹೂಮಳೆ ಬರದ ವರ್ಷ ಸ್ಪ್ರಿಂಕ್ಲರ್ ಪೈಪ್ ಎಳೆಯೋಕೆ, ರಾತ್ರಿ ಜೆಟ್ ಬದಲಾಯಿಸೋಕೆ ಜನ ಸಿಗಲ್ಲ, ಕೇಳಿದ್ದು ಕೊಡುತ್ತಾರೆ. ಆದರೆ ಸೊಂಟ ಇರೋವರೆಗೆ ಮಾತ್ರ ಈ ಕೆಲಸ. ನಿಮ್ಮದು ಪೆನ್ನಿನ ಕೆಲಸ, 65ರವರೆಗೂ ಮಾಡಬಹುದು. ನಾನಾಗಿದ್ದರೆ ಇವತ್ತೇ ಶುರು ಮಾಡುತ್ತಿದ್ದೆ.

ಎರಡು ರೂಮ್ ಹೋಮ್‌ಸ್ಟೇ

ಒಳ್ಳೆಯದು. ಆದರೆ ಯಾರಾದರೂ ಬಂದು "ಹೋಮ್‌ಸ್ಟೇ ಮಾಡಿ" ಅನ್ನೋದಕ್ಕೆ ಮೊದಲು ನಾನೇ ಹೇಳಿಬಿಡುತ್ತೇನೆ. ಸಾಲ ತಗೊಂಡು ಮಾಡಬೇಡಿ. ನಾವು ಮಡಿಕೇರಿ ಹತ್ತಿರ ಮನೆಯಲ್ಲೇ ಇದ್ದ ಎರಡು ರೂಮ್ ಕೊಟ್ಟಿದ್ದೇವೆ, ಹೊಸದಾಗಿ ಕಟ್ಟಿಲ್ಲ. ಶನಿವಾರ, ಭಾನುವಾರ ತುಂಬುತ್ತದೆ. ದಸರಾ ರಜೆ, ಕ್ರಿಸ್‌ಮಸ್ ಸಮಯ ಕೈತುಂಬ ಕೆಲಸ. ಜೂನ್‌ನಿಂದ ಆಗಸ್ಟ್ ಮಳೆ ನೋಡಬೇಕು ಅಂತ ಬರುವ ಒಂದಿಬ್ಬರನ್ನು ಬಿಟ್ಟರೆ ಖಾಲಿ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದ ಮೇಲೆ ಬಹಳ ಕಾಲ ಯಾರೂ ಈ ಕಡೆ ತಲೆ ಹಾಕಲಿಲ್ಲ. ಮರುವರ್ಷ ಆಗಸ್ಟ್‌ನಲ್ಲಿ ವಿರಾಜಪೇಟೆ ಕಡೆ ತೋರದಲ್ಲಿ ಕುಸಿತ, ಅದರ ಮರುವರ್ಷ ಲಾಕ್‌ಡೌನ್. ಬ್ಯಾಂಕಿನವರಿಗೆ ಅದೆಲ್ಲ ಗೊತ್ತಾಗಲ್ಲ, ಕಂತು ತಿಂಗಳಿಗೆ ಸರಿಯಾಗಿ ಬರಬೇಕು. ಕೆಲವರು ಕಟ್ಟಿದ ಕಾಟೇಜ್‌ನ್ನೇ ಮಾರಿ ಹೋದರು.

ರೈಟರ್ ಅಣ್ಣ, ಅತ್ತಿಗೆ ಹೊಲಿಗೆ ಮಾಡುತ್ತಾರೆ ಅಂದಿರಿ. ಮಳೆಗಾಲದಲ್ಲಿ ಕೆಲಸ ಇಲ್ಲದಾಗ ಕಾಚಂಪುಳಿ (ನಮ್ಮ ಕಡೆ ಅಡುಗೆಗೆ ಹಾಕುವ ಕಪ್ಪು ಹುಳಿ) ಮಾಡಬಹುದಾ ಕೇಳಿ. ನಿಮ್ಮ ತೋಟದ ಅಂಚಿನಲ್ಲಿ ಮರ ಇದ್ದೇ ಇರುತ್ತದೆ, ಮಾಲೀಕರಿಗೆ ಒಂದು ಮಾತು ಕೇಳಿ ಹಣ್ಣು ಆಯ್ದುಕೊಳ್ಳಿ. ಬುಟ್ಟಿಯಲ್ಲಿ ರಾಶಿ ಹಾಕಿ ಕೆಳಗೆ ಪಾತ್ರೆ ಇಟ್ಟರೆ ರಸ ತಾನಾಗಿ ತೊಟ್ಟಿಕ್ಕುತ್ತದೆ. ಆ ರಸವನ್ನು ಸೌದೆ ಒಲೆಯಲ್ಲಿ ನಿಧಾನವಾಗಿ ಕುದಿಸಬೇಕು, ಕಪ್ಪಗೆ, ಸೌಟಿನಿಂದ ದಾರದ ಹಾಗೆ ಇಳಿಯುವವರೆಗೆ. ಒಂದು ಬಕೆಟ್ ರಸ ಕುದಿಸಿದರೆ ಸಿಗೋದು ಸ್ವಲ್ಪ, ಅದಕ್ಕೇ ಬೆಲೆ. ವರ್ಷಗಟ್ಟಲೆ ಕೆಡಲ್ಲ. ಮಳೆಗಾಲದಲ್ಲಿ ಮಾಡಿಟ್ಟು ಡಿಸೆಂಬರ್‌ನಲ್ಲಿ ನಮ್ಮಂಥವರ ಮನೆಗೆ ಬರುವ ಅತಿಥಿಗಳಿಗೆ ಮಾರಬಹುದು. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಸಣ್ಣವರಿಗೆ ವರ್ಷಕ್ಕೆ 100 ರೂಪಾಯಿ, ಅದನ್ನು ಮಾತ್ರ ಮಾಡಿಸಿ. ಮನೆ ವೈನ್ ಕಡೆ ಹೋಗಬೇಡಿ, ಅದಕ್ಕೆ ಅಬಕಾರಿ ಲೈಸೆನ್ಸ್ ಬೇಕು.

ಶನಿವಾರಸಂತೆ

ವೈನ್ ಬೇಡ ಅಂದ್ರಿ, ಬೇಜಾರಾಯ್ತು.

ನಗುಮೊಗ

ನಾನು ವಿಮೆ ಕ್ಷೇತ್ರದಲ್ಲಿದ್ದೇನೆ. ಸರ್‌ಗೆ ಒಂದು ಒಳ್ಳೆಯ ಪ್ಲಾನ್ ಇದೆ. ತಿಂಗಳಿಗೆ 2,500, 15 ವರ್ಷ, ಬೋನಸ್ ಜೊತೆ ಗ್ಯಾರಂಟಿ ರಿಟರ್ನ್. ಜೀವಕ್ಕೂ ಭದ್ರತೆ, ಉಳಿತಾಯಕ್ಕೂ ದಾರಿ. ಮೆಸೇಜ್ ಮಾಡಿ.

ಕುಶಾಲನಗರ ಅಕ್ಕ

ಇಲ್ಲಿ ಎಲ್ಲರ ಮುಂದೆ ಹೇಳಿ. ಕೊನೆಗೆ ಕೈಗೆ ಬರೋದು ವರ್ಷಕ್ಕೆ ಶೇಕಡಾ ಎಷ್ಟು ಬೀಳುತ್ತದೆ? ಮೂರನೇ ವರ್ಷ ಕಟ್ಟೋಕೆ ಆಗದಿದ್ದರೆ ಎಷ್ಟು ವಾಪಸ್?

(ಉತ್ತರ ಬರಲಿಲ್ಲ ಅಂತ ನೋಡಿ ಮುಂದುವರಿಸುತ್ತೇನೆ.)

ನಾನು ಸಹಕಾರ ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಜೀವಕ್ಕೆ ಭದ್ರತೆ ಬೇಕಾದರೆ ಅದನ್ನು ಬೇರೆಯಾಗಿಯೇ ಮಾಡಿಸಿ. ಪ್ರಧಾನಮಂತ್ರಿ ಜೀವನ ಜ್ಯೋತಿ ವರ್ಷಕ್ಕೆ 436, ಎರಡು ಲಕ್ಷ, ಸೇರೋಕೆ 50ರ ಒಳಗಿರಬೇಕು. ಸುರಕ್ಷಾ ಬಿಮಾ 20 ರೂಪಾಯಿ, ಅಪಘಾತಕ್ಕೆ ಎರಡು ಲಕ್ಷ. ಆನೆ ಓಡಾಡುವ ದಾರಿಯಲ್ಲಿ ಬೆಳಿಗ್ಗೆ ಕತ್ತಲಲ್ಲೇ ಮಸ್ಟರ್‌ಗೆ (ಆಳುಗಳ ಹಾಜರಿಗೆ) ಹೋಗುವವರು ನೀವು, ಎರಡನ್ನೂ ಮಾಡಿಸಿ.

ಆಸ್ಪತ್ರೆಗೆ ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಕಾರ್ಡ್ ಎಪಿಎಲ್ ಆಗಿದ್ದರೆ ನಿಮ್ಮ ವ್ಯವಸಾಯ ಸೇವಾ ಸಹಕಾರ ಸಂಘದಲ್ಲಿ ಯಶಸ್ವಿನಿ ಕೇಳಿ. ಸಂಘದ ಸದಸ್ಯರಿಗೆ ಮಾತ್ರ, ನೋಂದಣಿ ವರ್ಷದಲ್ಲಿ ಒಂದು ಅವಧಿಗೆ ತೆರೆಯುತ್ತಾರೆ, ತಪ್ಪಿದರೆ ಮುಂದಿನ ವರ್ಷವೇ. ಉಳಿಸಿದ್ದನ್ನೆಲ್ಲ ಒಂದು ಆಪರೇಷನ್ ತಿಂದುಹಾಕಿದ ಮನೆಗಳನ್ನು ಕೌಂಟರ್‌ನ ಈಚೆ ಕೂತು ನೋಡಿದ್ದೇನೆ.

ಇನ್ನೊಂದು. ದುಡ್ಡು ಎಲ್ಲಿಡುತ್ತೀರಿ ಅನ್ನೋದು ಎಷ್ಟು ಬಡ್ಡಿ ಅನ್ನೋದಕ್ಕಿಂತ ಮುಖ್ಯ. ಬ್ಯಾಂಕ್ ಮುಳುಗಿದರೆ ಒಬ್ಬರಿಗೆ 5 ಲಕ್ಷದವರೆಗೆ ಠೇವಣಿ ವಿಮೆ ಇದೆ, 2020ರಿಂದ ಅಷ್ಟಾಗಿದೆ, ಸಹಕಾರಿ ಬ್ಯಾಂಕಿಗೂ ಇದೆ. ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿಗಳಿಗೆ ಆ ವಿಮೆ ಇಲ್ಲ. ಬೋರ್ಡ್ ನೋಡಿದರೆ ಎಲ್ಲವೂ ಬ್ಯಾಂಕಿನ ಹಾಗೇ ಕಾಣುತ್ತದೆ. ಅರ್ಧ, ಒಂದು ಪರ್ಸೆಂಟ್ ಜಾಸ್ತಿ ಅಂತ ಅಲ್ಲಿ ಇಡುವ ಮೊದಲು ಇದನ್ನು ಕೇಳಿ. ಪಿಗ್ಮಿ ತಪ್ಪಲ್ಲ, ದಿನಾ ಬಂದು ಇಸ್ಕೊಂಡು ಹೋಗುತ್ತಾರೆ ಅನ್ನೋದೇ ಅದರ ಲಾಭ. ವರ್ಷ ಮುಗಿದ ತಕ್ಷಣ ಆ ದುಡ್ಡನ್ನು ಪೋಸ್ಟ್ ಆಫೀಸಿಗೋ ಪಿಪಿಎಫ್‌ಗೋ ದಾಟಿಸಿ.

ಪಿಎಫ್ ಗುಮಾಸ್ತ

ಅಕ್ಕ ಹೇಳಿದ್ದು ಸರಿ. ಹೊಸ ಖಾತೆ ಯಾಕೆ ಅನ್ನೋದಾದರೆ ಪಿಎಫ್‌ನಲ್ಲೇ ಸ್ವಂತ ಇಚ್ಛೆಯಿಂದ ಶೇ. 12ಕ್ಕಿಂತ ಜಾಸ್ತಿ ಕಟ್ಟಬಹುದು, ವಿಪಿಎಫ್ ಅನ್ನುತ್ತಾರೆ. ಅದೇ ಬಡ್ಡಿ. ತಿಂಗಳಿಗೆ 1,500 ಕಟ್ಟಿದರೆ 12 ವರ್ಷಕ್ಕೆ ಇನ್ನೂ ಮೂರೂವರೆ ಲಕ್ಷ ಸೇರುತ್ತದೆ. ತೋಟದ ಆಫೀಸಿಗೆ ಒಂದು ಪತ್ರ ಕೊಟ್ಟರೆ ಸಾಕು.

ಗ್ರಾಚ್ಯುಟಿ ಬಗ್ಗೆ ಯಾರೂ ಹೇಳಲಿಲ್ಲ. ಐದು ವರ್ಷ ಆಗಿದೆ, ನಿಮಗೆ ಹಕ್ಕಿದೆ. ಕೊನೆಯ ಸಂಬಳದ 15 ದಿನ, ತಿಂಗಳಿಗೆ 26 ದಿನ ಅಂತ ಲೆಕ್ಕ ಹಾಕಿ, ಪ್ರತಿ ವರ್ಷಕ್ಕೆ. ಕೆಲಸ ಬಿಟ್ಟು ಬೇರೆ ತೋಟಕ್ಕೆ ಹೋಗುವ ಯೋಚನೆ ಬಂದರೆ ಮೊದಲು ಇದನ್ನು ಇಸ್ಕೊಳ್ಳಿ. "ಆಮೇಲೆ ಕೊಡೋಣ" ಅನ್ನೋದಕ್ಕೆ ತಲೆ ಆಡಿಸಬೇಡಿ.

ಬೆಂಗಳೂರಲ್ಲಿರೋ ಸೋಮವಾರಪೇಟೆಯವ

ಎಲ್ಲವೂ ಬಡ್ಡಿ ಖಾತೆಯೇ ಆಯಿತಲ್ಲ. ಒಂದು ಭಾಗವಾದರೂ ಷೇರಿನಲ್ಲಿ ಇಲ್ಲದಿದ್ದರೆ 75ನೇ ವಯಸ್ಸಿಗೆ ದುಡ್ಡು ಮುಗಿಯುತ್ತದೆ ಅಂಕಲ್.

ಕುಶಾಲನಗರ ಅಕ್ಕ

ಅದೂ ಸುಳ್ಳಲ್ಲ. ಹೆಚ್ಚಿನ ಆದಾಯ ಒಂದೆರಡು ವರ್ಷ ನಿಂತ ಮೇಲೆ ಸ್ವಲ್ಪ ಹಾಕಲಿ. ಇಂಡೆಕ್ಸ್ ಫಂಡ್‌ಗೆ ವರ್ಷಕ್ಕೊಮ್ಮೆ ಇಡಿಗಂಟಾಗಿಯೂ ಹಾಕಬಹುದು, ತಿಂಗಳಿಗೇ ಆಗಬೇಕು ಅಂತಿಲ್ಲ. ಶೇ. 12 ಅನ್ನೋದನ್ನು ಮಾತ್ರ ಯಾರೂ ಬರೆದುಕೊಟ್ಟಿಲ್ಲ. ಅದಕ್ಕೂ ಮೊದಲು ಬ್ಯಾಂಕಿನಲ್ಲಿರುವ ಸರ ಬಿಡಿಸಿ. ಅದಕ್ಕೆ ಕಟ್ಟುವ ಬಡ್ಡಿ ಪಿಪಿಎಫ್ ಕೊಡುವುದಕ್ಕಿಂತ ಜಾಸ್ತಿಯೇ ಇರುತ್ತದೆ.

ವೀಡ್ ಕಟರ್

ಮನೆ ವಿಷಯ ಎಲ್ಲರೂ ಬಿಟ್ಟೇಬಿಟ್ಟಿರಿ. 58ಕ್ಕೆ ಎಲ್ಲಿರುತ್ತೀರಿ ಅಣ್ಣ?

ಸಿದ್ದಾಪುರ ರೈಟರ್

ಹೆಂಡತಿಯ ತವರು ಪಿರಿಯಾಪಟ್ಟಣ ಕಡೆ. ಭಾವ ಐದು ಸೆಂಟ್ ಜಾಗ ಕೊಡುತ್ತೇನೆ ಅಂತ ಬಾಯಿಮಾತಿಗೆ ಹೇಳಿದ್ದಾರೆ. ಇಲ್ಲಿ ಕೊಡಗಿನಲ್ಲಿ ಸೈಟ್ ತಗೊಳ್ಳೋದು ನಮ್ಮಂಥವರಿಗೆ ಕನಸು, ರೆಸಾರ್ಟ್‌ನವರು ಕೇಳುವ ರೇಟಿಗೆ ನಾವು ನಿಲ್ಲೋಕೆ ಆಗಲ್ಲ.

ಜಮ್ಮಾ ಜಾಗದವ

ಬಾಯಿಮಾತು ಬೇಡ. ಭಾವ ಒಳ್ಳೆಯವರೇ ಇರಬಹುದು, ಅವರ ಮಕ್ಕಳ ಕಾಲಕ್ಕೆ ಏನಾಗುತ್ತದೆ ಅಂತ ನನ್ನ ಆರ್‌ಟಿಸಿ ನೋಡಿದರೆ ಗೊತ್ತಾಗುತ್ತದೆ. ದಾನಪತ್ರ ಬರೆಸಿ, ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ನಿಮ್ಮ ಹೆಂಡತಿ ಹೆಸರಿಗೇ ನೋಂದಣಿ ಮಾಡಿಸಿ, ಖಾತೆ ಬದಲಾಯಿಸಿ. ಮನೆ ಆಮೇಲೆ ಕಟ್ಟಿದರಾಯಿತು, ಮೊದಲು ಎರಡು ಕೋಣೆ ಸಾಕು.

ಸಿದ್ದಾಪುರ ರೈಟರ್

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ, ಕುಯ್ಲಿನ ಗಲಾಟೆ. ಆಗಿದ್ದನ್ನು ಹೇಳುತ್ತೇನೆ.

ಹೆಂಡತಿಯನ್ನು ಶ್ರಮಯೋಗಿಗೆ ಸೇರಿಸಿದ್ದಾಯಿತು, ಕಾರ್ಡೂ ಬಂತು. 436, 20ರ ಎರಡೂ ವಿಮೆ ಆಯಿತು. ಪಿಎಫ್‌ನಲ್ಲಿ ಗುಮಾಸ್ತ ಸರ್ ಹೇಳಿದ ಹಾಗೇ ಹೆಸರು ಸಿಕ್ಕಿಹಾಕಿಕೊಂಡಿತು, ತಂದೆಯ ಹೆಸರು ಒಂದು ಕಡೆ ಪೂರ್ತಿ, ಇನ್ನೊಂದು ಕಡೆ ಒಂದೇ ಅಕ್ಷರ. ತಿದ್ದುಪಡಿ ಅರ್ಜಿ ಹೋಗಿದೆ. ಅಮ್ಮತ್ತಿಯ ಆಫೀಸಿನಲ್ಲಿ ಹಳೆಯ ಕ್ಲರ್ಕ್ ಇನ್ನೂ ಇದ್ದಾರೆ, ಸಹಿ ಹಾಕಿಕೊಟ್ಟರು.

ನಮ್ಮ ಮಾಲೀಕರನ್ನು ಕೇಳಿದೆ. ವಾರದ ರಜೆಯಲ್ಲಿ ಬೇರೆಯವರ ಲೆಕ್ಕ ಬರೆಯೋಕೆ ಅಡ್ಡಿ ಇಲ್ಲ, ಪಕ್ಕದ ತೋಟದ್ದು ಮಾತ್ರ ಬೇಡ ಅಂದರು. ಸರಿಯೇ ಅನ್ನಿಸಿತು. ಈಗ ಇಬ್ಬರು ಒಪ್ಪಿದ್ದಾರೆ, ತಿಂಗಳಿಗೆ 1,500 ಹಾಗೆ. ಮಾರುವಾಗ ಬಂದು ನಿಂತರೆ ಚೀಲಕ್ಕೆ ಇಷ್ಟು ಅಂತ ಬೇರೆ. ಐದಾರು ಜನ ಆದರೆ ವರ್ಷಕ್ಕೆ 60,000 ಪಿಪಿಎಫ್‌ಗೆ ಹಾಕಬಹುದು. ಶೇ. 7.1ರಲ್ಲಿ 15 ವರ್ಷಕ್ಕೆ 16 ಲಕ್ಷದ ಹತ್ತಿರ ಬರುತ್ತದೆ, ನನಗೆ 61 ಆಗಿರುತ್ತದೆ. ಮೊದಲ ಸೀಸನ್ನಿನ ದುಡ್ಡು ಸರ ಬಿಡಿಸೋಕೆ, ಆ ಮೇಲಿನದು ಏಪ್ರಿಲ್ 5ರ ಲೆಕ್ಕಕ್ಕೆ. ವಿಪಿಎಫ್ ಸದ್ಯಕ್ಕೆ 500ರಿಂದ ಶುರು ಮಾಡಿದೆ, ಮಗಳ ಕಾಲೇಜ್ ಫೀಸು ಗೊತ್ತಾಗುವವರೆಗೆ ಅಷ್ಟೇ.

ಭಾವನ ಹತ್ತಿರ ದಾನಪತ್ರದ ಮಾತು ಹೆಂಡತಿಯೇ ಎತ್ತುತ್ತಾಳಂತೆ. ನಾನು ಎತ್ತಿದರೆ ಚೆನ್ನಾಗಿರಲ್ಲ.

ಎರಡು ರೂಮ್ ಹೋಮ್‌ಸ್ಟೇ

ಕಾಚಂಪುಳಿ?

ಸಿದ್ದಾಪುರ ರೈಟರ್

ಮರ ಮೂರಿವೆ. ಮಾಲೀಕರ ಹೆಂಡತಿ "ನನಗೂ ಒಂದು ಬಾಟಲಿ" ಅಂದಿದ್ದಾರೆ. ಜೂನ್ ಬರಲಿ.

ಬೆಂಗಳೂರಲ್ಲಿರೋ ಸೋಮವಾರಪೇಟೆಯವ

ಅಂಕಲ್, ಅಪ್ಪನಿಗೆ ಈ ಚರ್ಚೆ ತೋರಿಸಿದೆ. ನಮ್ಮದು 40 ಚೀಲ ಆಗಬಹುದು, ಮುಂದಿನ ವಾರ ವ್ಯಾಪಾರಿ ಬರುತ್ತಾರಂತೆ. ನೀವು ಬಂದು ಒಮ್ಮೆ ನೋಡುತ್ತೀರಾ? ಸಿದ್ದಾಪುರದಿಂದ ಸ್ವಲ್ಪ ದೂರ, ಬಸ್ ಚಾರ್ಜ್, ಊಟ ನಮ್ಮದು.

ಸಿದ್ದಾಪುರ ರೈಟರ್

ಬರುತ್ತೇನೆ. ವಾರದ ರಜೆಗೆ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡುತ್ತೇನೆ. ಅಪ್ಪನಿಗೆ ಹೇಳಿ, ನಾನು ಬರುವವರೆಗೆ ಚೀಲ ಕಟ್ಟುವುದು ಬೇಡ. ಕಣದಲ್ಲೇ ಇರಲಿ, ಸಂಜೆ ಟಾರ್ಪಾಲ್ ಮುಚ್ಚಿಡಿ, ಇಬ್ಬನಿ ಜಾಸ್ತಿ ಬೀಳುತ್ತಿದೆ.